ಲೇಕ್ ಡಿಸ್ಟ್ರಿಕ್ಟ್

ಲೇಕ್ ಡಿಸ್ಟ್ರಿಕ್ಟ್ ಇಂಗ್ಲೆಂಡಿನ ವಾಯವ್ಯ ಭಾಗದ ಕಂಬ್ರಿಯಾದಲ್ಲಿರುವ ಬೆಟ್ಟಗಳ ಮತ್ತು ಸರೋವರಗಳ ಗ್ರಾಮೀಣ ಪ್ರದೇಶ. ಇದನ್ನು 1951ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಸುಮಾರು 2,362 ಚದರ ಕಿಲೋಮೀಟರ್ ವಿಸ್ತಾರವಿರುವ ಈ ಉದ್ಯಾನ ಇಂಗ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಅತ್ಯಂತ ದೊಡ್ಡದು. ಇದರೊಳಗೆ ವಾಸಿಸುವವರು ಸುಮಾರು 40,000 ಜನ. ಪ್ರತಿವರ್ಷ ಇಲ್ಲಿಗೆ ಬಂದುಹೋಗುವವರು ಒಂದೂವರೆ ಕೋಟಿಗೂ ಹೆಚ್ಚು. ಬೆಟ್ಟದ ಚಾರಣ, ಬಂಡೆ ಹತ್ತುವಿಕೆ, ದೋಣಿವಿಹಾರ, ಈಜು, ಕವಿಗಳ ಮನೆಗಳ ಭೇಟಿ ಮತ್ತು ಸುಮ್ಮನೆ ದಡದಲ್ಲಿ ಕುಳಿತು ನೀರು ನೋಡುವುದು ಇಲ್ಲಿಗೆ ಬರುವವರ ಮುಖ್ಯ ಉದ್ದೇಶಗಳು.

ರಾಷ್ಟ್ರೀಯ ಉದ್ಯಾನವೆಂದರೆ ಭಾರತದ ಓದುಗರಿಗೆ ಜನವಸತಿಯಿಲ್ಲದ ಕಾಡು, ವನ್ಯಪ್ರಾಣಿಗಳು ಮತ್ತು ಅರಣ್ಯ ಇಲಾಖೆಯ ತಪಾಸಣಾ ಠಾಣೆ ನೆನಪಾಗುತ್ತವೆ. ಲೇಕ್ ಡಿಸ್ಟ್ರಿಕ್ಟ್ ಅಂತಹುದಲ್ಲ. ಇಲ್ಲಿ ಊರುಗಳಿವೆ, ಹೊಲಮನೆಗಳಿವೆ, ಶಾಲೆ, ಚರ್ಚು, ಕಲ್ಲುಗಣಿಗಳಿವೆ. ನೆಲದ ಬಹುಪಾಲು ಖಾಸಗಿಯವರ ಅಥವಾ ಟ್ರಸ್ಟುಗಳ ಒಡೆತನದಲ್ಲಿದೆ. ಪ್ರವೇಶದ್ವಾರವಾಗಲಿ ಪ್ರವೇಶಶುಲ್ಕವಾಗಲಿ ಇಲ್ಲ. ಪ್ರವಾಸಿಗರು ಪ್ರಕೃತಿಯ ಕೊಡುಗೆಯೆಂದು ಮೆಚ್ಚುವ ಬೋಳುಬೆಟ್ಟ, ಹಸಿರು ಕಣಿವೆ ಮತ್ತು ಕಲ್ಲುಗೋಡೆಗಳಲ್ಲಿ ಬಹುಪಾಲು ಕುರಿಗಾಹಿಗಳ ಮತ್ತು ಗಣಿಗಾರರ ಶತಮಾನಗಳ ದುಡಿಮೆಯ ಫಲ. ಅದನ್ನು ಯಾರು, ಹೇಗೆ ಬಳಸಬೇಕೆಂಬ ವಿವಾದ ಇನ್ನೂರು ವರ್ಷಗಳಿಂದ ನಡೆಯುತ್ತಲೇ ಇದೆ.

ಭೂಸ್ವರೂಪ ಮತ್ತು ಹೆಸರುಗಳು

ಪ್ರದೇಶದ ನಡುವೆ ಎತ್ತರದ ಬೆಟ್ಟಗಳ ಗುಂಪೊಂದಿದ್ದು, ಅಲ್ಲಿಂದ ಕಣಿವೆಗಳು ಎಲ್ಲ ದಿಕ್ಕುಗಳಿಗೂ ಇಳಿಯುತ್ತವೆ. ಕವಿ ವಿಲಿಯಂ ವರ್ಡ್ಸ್‌ವರ್ತ್ ಈ ರಚನೆಯನ್ನು ಗಾಡಿಚಕ್ರದ ಅರಗಳಿಗೆ ಹೋಲಿಸಿದ್ದನು. ನಡುವಿನ ಬೆಟ್ಟಗಳು ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ಶಿಲೆಗಳಿಂದಾದವು. ಉತ್ತರದ ಸ್ಕಿಡಾ ಬೆಟ್ಟ ಅದಕ್ಕಿಂತ ಹಳೆಯ ಪದರಶಿಲೆಯದು. ಇವುಗಳಿಗೆ ಈಗಿನ ಆಕಾರ ಬಂದದ್ದು ಹಿಮಯುಗಗಳಲ್ಲಿ. ಹಿಮನದಿಗಳು ಕಣಿವೆಗಳ ತಳವನ್ನು ಆಳವಾಗಿ ಕೊರೆದುಹೋದವು. ಹಿಮ ಕರಗಿದ ಬಳಿಕ ಆ ತಗ್ಗುಗಳಲ್ಲಿ ನೀರು ನಿಂತು ಉದ್ದವಾದ, ಕಿರಿದಾದ ಸರೋವರಗಳಾದವು. ಸುಮಾರು 17 ಕಿಲೋಮೀಟರ್ ಉದ್ದದ ವಿಂಡರ್ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಅತ್ಯಂತ ಆಳವಾದುದು ಪಶ್ಚಿಮದ ವಾಸ್ಟ್‌ವಾಟರ್; ಅದರ ಒಂದು ದಡದ ಉದ್ದಕ್ಕೂ ಸಡಿಲ ಕಲ್ಲುಗಳ ಇಳಿಜಾರು ನೇರವಾಗಿ ನೀರಿಗೆ ಇಳಿಯುತ್ತದೆ. ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ (978 ಮೀಟರ್) ಇಲ್ಲಿದೆ. ಆ ದೇಶದಲ್ಲಿ 3,000 ಅಡಿಗಿಂತ ಎತ್ತರವಾದ ಬೆಟ್ಟಗಳೆಲ್ಲ ಇದೇ ಪ್ರದೇಶಕ್ಕೆ ಸೇರಿವೆ.

ಸ್ಥಳನಾಮಗಳಲ್ಲಿ ಸ್ಕ್ಯಾಂಡಿನೇವಿಯದ ಪ್ರಭಾವ ಎದ್ದು ಕಾಣುತ್ತದೆ. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಇಲ್ಲಿ ನೆಲೆಸಿದ ನಾರ್ಸ್ ಜನರು ಬೆಟ್ಟವನ್ನು ‘ಫೆಲ್’ ಎಂದೂ ತೊರೆಯನ್ನು ‘ಬೆಕ್’ ಎಂದೂ ಬೆಟ್ಟದ ಮೇಲಿನ ಚಿಕ್ಕ ಕೊಳವನ್ನು ‘ಟಾರ್ನ್’ ಎಂದೂ ಕಾಡು ಕಡಿದು ಮಾಡಿದ ಬಯಲನ್ನು ‘ಥ್ವೇಟ್’ ಎಂದೂ ಕರೆದರು. ಆ ಪದಗಳು ಇಂದಿಗೂ ನಿತ್ಯಬಳಕೆಯಲ್ಲಿವೆ. ಸರೋವರಗಳ ಹೆಸರುಗಳು ‘ಮಿಯರ್’ ಅಥವಾ ‘ವಾಟರ್’ ಎಂದು ಕೊನೆಗೊಳ್ಳುತ್ತವೆ. ಹೆಸರಿನಲ್ಲಿಯೇ ‘ಲೇಕ್’ ಎಂಬ ಪದವಿರುವುದು ಬ್ಯಾಸೆಂಥ್ವೇಟ್‌ಗೆ ಮಾತ್ರ ಎಂಬುದು ಅಲ್ಲಿನ ರಸಪ್ರಶ್ನೆಗಳಲ್ಲಿ ತಪ್ಪದೆ ಬರುವ ಸಂಗತಿ.

ಅಟ್ಲಾಂಟಿಕ್ ಕಡೆಯಿಂದ ಬೀಸುವ ತೇವದ ಗಾಳಿಗೆ ಮೊದಲು ಅಡ್ಡ ನಿಲ್ಲುವ ಬೆಟ್ಟಗಳಾದುದರಿಂದ ಇಲ್ಲಿ ಮಳೆ ಹೆಚ್ಚು. ಬೊರೊಡೇಲ್ ಕಣಿವೆಯ ಸೀಥ್ವೇಟ್ ಇಂಗ್ಲೆಂಡಿನಲ್ಲಿ ಜನವಸತಿಯಿರುವ ಸ್ಥಳಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವ ಊರೆಂದು ಹೆಸರಾಗಿದೆ. 2015ರ ಡಿಸೆಂಬರ್ 5ರಂದು ‘ಡೆಸ್ಮಂಡ್’ ಚಂಡಮಾರುತ ಬಂದಾಗ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ದಾಖಲಾಯಿತು. ಇದು ಬ್ರಿಟನ್ನಿನಲ್ಲಿ ದಾಖಲೆ. ಆ ಪ್ರವಾಹದಲ್ಲಿ ಪೂಲಿ ಬ್ರಿಜ್ ಎಂಬ ಊರಿನ ಹಳೆಯ ಕಲ್ಲುಸೇತುವೆ ಕೊಚ್ಚಿಹೋಯಿತು.

ಕುರಿಸಾಕಣೆ

ಈ ಬೆಟ್ಟಗಳ ತಳಿ ಹರ್ಡ್‌ವಿಕ್. ಹುಟ್ಟುವಾಗ ಕಪ್ಪಾಗಿದ್ದು ವಯಸ್ಸಾದಂತೆ ಬೂದುಬಣ್ಣಕ್ಕೆ ತಿರುಗುವ, ಬಿಳಿಮುಖದ ಈ ಗಟ್ಟಿಮುಟ್ಟಾದ ಕುರಿ ಚಳಿಗಾಲವನ್ನೂ ಬೆಟ್ಟದ ಮೇಲೆ ಕಳೆಯಬಲ್ಲದು. ಇದರ ಬಹುಪಾಲು ಮಂದೆಗಳು ಲೇಕ್ ಡಿಸ್ಟ್ರಿಕ್ಟಿನಲ್ಲಿಯೇ ಇವೆ. ಬೆಟ್ಟದ ಮೇಲ್ಭಾಗಗಳು ನಮ್ಮ ಗೋಮಾಳಗಳಂತೆ ಹಲವು ರೈತರಿಗೆ ಸಮಾನ ಮೇವಿನ ಹಕ್ಕಿರುವ ಹುಲ್ಲುಗಾವಲುಗಳು. ಅಲ್ಲಿ ಮಂದೆಗಳನ್ನು ಬೇರ್ಪಡಿಸುವ ಬೇಲಿಗಳಿಲ್ಲ. ಆದರೂ ಮಂದೆಗಳು ಬೆರೆಯುವುದು ಕಡಿಮೆ. ಮರಿಯು ತಾಯಿಯ ಹಿಂದೆ ತಿರುಗಿ ತನ್ನ ಮೇವಿನ ಎಲ್ಲೆಯನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಅದನ್ನೇ ಕಲಿಸುತ್ತದೆ. ಸ್ಥಳೀಯರು ಇದನ್ನು ‘ಹೀಫ್’ ಎನ್ನುತ್ತಾರೆ. ಈ ಕಾರಣದಿಂದ ಹಲವು ಹೊಲಮನೆಗಳಲ್ಲಿ ಮಂದೆಯು ರೈತನದಲ್ಲ, ನೆಲದ್ದು. ಗೇಣಿದಾರನು ಬಿಟ್ಟುಹೋಗುವಾಗ ತಾನು ಪಡೆದಷ್ಟೇ ಕುರಿಗಳನ್ನು ಮುಂದಿನವನಿಗೆ ಒಪ್ಪಿಸಬೇಕು. ಹೊರಗಿನಿಂದ ಕೊಂಡುತಂದ ಮಂದೆಗೆ ಆ ಬೆಟ್ಟದ ನೆನಪಿರುವುದಿಲ್ಲ.

ದಾರಿ ತಪ್ಪಿದ ಕುರಿಯನ್ನು ಗುರುತಿಸಲು ತುಪ್ಪಟದ ಮೇಲೆ ಬಣ್ಣದ ಗುರುತು ಹಾಕಿ, ಕಿವಿಯಲ್ಲಿ ಕಚ್ಚು ಕತ್ತರಿಸುವ ಪದ್ಧತಿಯಿದೆ. ಯಾವ ಮನೆಯ ಗುರುತು ಯಾವುದೆಂದು ಚಿತ್ರಸಹಿತ ತಿಳಿಸುವ ಕುರಿಗಾಹಿಗಳ ಕೈಪಿಡಿ 1817ರಲ್ಲಿಯೇ ಮುದ್ರಣಗೊಂಡಿತು. ಶರತ್ಕಾಲದಲ್ಲಿ ನಡೆಯುವ ಕುರಿಗಾಹಿಗಳ ಕೂಟಗಳಲ್ಲಿ ತಪ್ಪಿಬಂದ ಕುರಿಗಳನ್ನು ಒಡೆಯರಿಗೆ ಮರಳಿಸುತ್ತಿದ್ದರು. ಜೊತೆಗೆ ಕುಸ್ತಿ, ಬೆಟ್ಟದೋಟ, ಬೇಟೆನಾಯಿಗಳ ಪಂದ್ಯಗಳೂ ಇರುತ್ತಿದ್ದವು. ಇಂದು ಸಾವಿರಾರು ಜನ ನೋಡಲು ಬರುವ ಗ್ರಾಸ್ಮಿಯರ್ ಕ್ರೀಡಾಕೂಟದಂತಹ ಉತ್ಸವಗಳ ಬೇರು ಈ ಬಗೆಯ ಹಳ್ಳಿಯ ಕೂಟಗಳಲ್ಲಿದೆ.

2001ರಲ್ಲಿ ಬ್ರಿಟನ್ನಿನಲ್ಲಿ ಹಬ್ಬಿದ ಕಾಲುಬಾಯಿ ಜ್ವರಕ್ಕೆ ಕಂಬ್ರಿಯಾ ಅತಿ ಹೆಚ್ಚು ತುತ್ತಾಯಿತು. ರೋಗ ತಡೆಯಲು ಹರ್ಡ್‌ವಿಕ್ ಕುರಿಗಳಲ್ಲಿ ದೊಡ್ಡ ಪಾಲನ್ನು ಕೊಲ್ಲಬೇಕಾಯಿತು. ಬೆಟ್ಟದ ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಲಾಯಿತು. ಪ್ರವಾಸಿಗರನ್ನು ನಂಬಿದ ವಸತಿಗೃಹಗಳು ಬರಿದಾದವು. ರೈತನ ಕಸುಬು ನಿಂತರೆ ಪ್ರವಾಸೋದ್ಯಮವೂ ನಿಲ್ಲುತ್ತದೆ ಎಂಬುದು ಅಂದು ಎಲ್ಲರಿಗೂ ಅರಿವಾಯಿತು. ಈ ಕಸುಬಿನಿಂದ ಬರುವ ಆದಾಯವಾದರೋ ಅಲ್ಪ. ಹರ್ಡ್‌ವಿಕ್ ಉಣ್ಣೆ ಒರಟಾದುದರಿಂದ ಅದಕ್ಕೆ ಸಿಗುವ ಬೆಲೆ ಅನೇಕ ವರ್ಷಗಳಲ್ಲಿ ಕತ್ತರಿಸುವ ಕೂಲಿಗೂ ಸಾಲುವುದಿಲ್ಲ. ಸರ್ಕಾರದ ಸಹಾಯಧನವಿಲ್ಲದೆ ಬೆಟ್ಟದ ಹೊಲಮನೆ ನಡೆಯುವುದು ಕಷ್ಟ.

ಗಣಿ ಮತ್ತು ಕೈಗಾರಿಕೆ

ಈ ಬೆಟ್ಟಗಳಲ್ಲಿ ಕಲ್ಲು ತೆಗೆಯುವ ಕೆಲಸಕ್ಕೆ ಸುಮಾರು ಆರು ಸಾವಿರ ವರ್ಷಗಳ ಇತಿಹಾಸವಿದೆ. ನವಶಿಲಾಯುಗದ ಜನರು ಲ್ಯಾಂಗ್‌ಡೇಲ್ ಬೆಟ್ಟಗಳ ಕಡಿದಾದ ಇಳಿಜಾರುಗಳಲ್ಲಿ ಹಸಿರುಛಾಯೆಯ ಶಿಲೆಯನ್ನು ಕಿತ್ತು ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿನ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ ಐರ್ಲೆಂಡಿನಲ್ಲಿಯೂ ದೊರೆತಿವೆ. 1560ರ ದಶಕದಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಆಡಳಿತವು ತಾಮ್ರದ ಅದಿರು ತೆಗೆಯಲು ಜರ್ಮನ್ ಗಣಿಗಾರರನ್ನು ಕೆಸಿಕ್ ಪಟ್ಟಣಕ್ಕೆ ಕರೆಸಿತು.

ಬೊರೊಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ದೊರೆತ ಗ್ರಾಫೈಟಿನ ಕಥೆ ಇನ್ನೂ ಸ್ವಾರಸ್ಯಕರ. ಸ್ಥಳೀಯರು ಅದನ್ನು ಮೊದಲು ಕುರಿಗಳಿಗೆ ಗುರುತು ಹಾಕಲು ಬಳಸಿದರೆಂದು ಪ್ರತೀತಿ. ಅಷ್ಟು ಶುದ್ಧವಾದ, ಗಟ್ಟಿಯಾದ ಗ್ರಾಫೈಟ್ ಬೇರೆಡೆ ಸಿಗುತ್ತಿರಲಿಲ್ಲ. ಫಿರಂಗಿಯ ಗುಂಡುಗಳನ್ನು ಎರಕ ಹೊಯ್ಯುವ ಅಚ್ಚುಗಳಿಗೆ ಅದು ಬೇಕಾದುದರಿಂದ ಅದರ ಬೆಲೆ ಏರಿತು. ಕಳ್ಳಸಾಗಣೆ ಹೆಚ್ಚಿ, 1752ರಲ್ಲಿ ಸಂಸತ್ತು ಗ್ರಾಫೈಟ್ ಕದಿಯುವುದನ್ನು ಘೋರ ಅಪರಾಧವೆಂದು ಸಾರುವ ಕಾಯ್ದೆ ಮಾಡಬೇಕಾಯಿತು. ಇದೇ ಖನಿಜದಿಂದ ಕೆಸಿಕ್‌ನಲ್ಲಿ ಸೀಸದಕಡ್ಡಿಯ ಉದ್ಯಮ ಬೆಳೆಯಿತು. ಕಾರ್ಖಾನೆ ಈ ಶತಮಾನದಲ್ಲಿ ಬೇರೆಡೆಗೆ ಹೋಗಿದ್ದರೂ ಪೆನ್ಸಿಲ್ ವಸ್ತುಸಂಗ್ರಹಾಲಯ ಅಲ್ಲಿಯೇ ಉಳಿದಿದೆ. ಮಳೆಯ ದಿನ ಮಕ್ಕಳೊಂದಿಗೆ ಬಂದವರಿಗೆ ಇದೊಂದು ದೊಡ್ಡ ಆಸರೆ.

ಹಾನಿಸ್ಟರ್‌ನಲ್ಲಿ ಹಸಿರು ಸ್ಲೇಟುಕಲ್ಲಿನ ಗಣಿಯಿದೆ. ಮುಚ್ಚಿದ್ದ ಅದನ್ನು 1997ರಲ್ಲಿ ಮತ್ತೆ ತೆರೆಯಲಾಯಿತು. ಈಗ ಪ್ರವಾಸಿಗರನ್ನು ಸುರಂಗದೊಳಗೆ ಕರೆದೊಯ್ಯುವುದೂ ಅದರ ಒಂದು ಕಸುಬು. ದಕ್ಷಿಣದ ಸ್ಟಾಟ್ ಪಾರ್ಕ್ ಗಿರಣಿ (1835) ಲ್ಯಾಂಕಶೈರಿನ ಹತ್ತಿ ಗಿರಣಿಗಳಿಗೆ ಮರದ ನೂಲುರುಳೆಗಳನ್ನು ಮಾಡಿಕೊಡುತ್ತಿತ್ತು. ಅದನ್ನೀಗ ಯಂತ್ರಗಳು ಚಾಲನೆಯಲ್ಲಿರುವಂತೆಯೇ ಕಾಪಾಡಲಾಗಿದೆ.

ಪ್ರವಾಸದ ಆರಂಭ

ಹದಿನೆಂಟನೆಯ ಶತಮಾನದ ಆರಂಭದವರೆಗೂ ಹೊರಗಿನವರ ದೃಷ್ಟಿಯಲ್ಲಿ ಇದು ಭಯ ಹುಟ್ಟಿಸುವ ಬಂಜರು ನಾಡು. ಆ ಶತಮಾನದ ಉತ್ತರಾರ್ಧದಲ್ಲಿ ಅಭಿರುಚಿ ಬದಲಾಯಿತು. ಕವಿ ಥಾಮಸ್ ಗ್ರೇ 1769ರಲ್ಲಿ ಇಲ್ಲಿ ಸಂಚರಿಸಿದನು. ಥಾಮಸ್ ವೆಸ್ಟ್ 1778ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಗ್ರಂಥವು ಪ್ರತಿ ಸರೋವರವನ್ನೂ ಯಾವ ಜಾಗದಲ್ಲಿ ನಿಂತು ನೋಡಬೇಕೆಂದು ‘ವೀಕ್ಷಣಾಸ್ಥಾನ’ಗಳನ್ನು ಗೊತ್ತುಮಾಡಿತು. ಅಂದಿನ ಪ್ರವಾಸಿಗರು ಕ್ಲೋಡ್ ಗಾಜು ಎಂಬ ಉಬ್ಬಿದ, ಕಪ್ಪುಛಾಯೆಯ ಕೈಗನ್ನಡಿಯನ್ನು ತರುತ್ತಿದ್ದರು. ಅದರಲ್ಲಿ ನೋಡಿದರೆ ದೃಶ್ಯವು ಚಿತ್ರಪಟದಂತೆ ಕಾಣುತ್ತಿತ್ತು. ಆದರೆ ನೋಡುವವನು ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಬೇಕಿತ್ತು. ಇಂದು ಬೆಟ್ಟಕ್ಕೆ ಬೆನ್ನು ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವವರನ್ನು ನಗುವ ಮುನ್ನ ಇದನ್ನು ನೆನೆಯಬಹುದು. ವಿಂಡರ್ಮಿಯರ್ ದಡದಲ್ಲಿ 1790ರ ದಶಕದಲ್ಲಿ ಕಟ್ಟಿದ ಕ್ಲೇಫ್ ವೀಕ್ಷಣಾಗೃಹದ ಕಿಟಕಿಗಳಿಗೆ ಬಣ್ಣದ ಗಾಜುಗಳನ್ನು ಹಾಕಿ, ಒಂದೇ ದೃಶ್ಯ ಬೇರೆ ಬೇರೆ ಋತುಗಳಲ್ಲಿ ಹೇಗೆ ಕಾಣುವುದೆಂದು ತೋರಿಸುತ್ತಿದ್ದರು.

ವರ್ಡ್ಸ್‌ವರ್ತ್ (1770–1850) ಈ ನಾಡಿನಲ್ಲಿಯೇ ಹುಟ್ಟಿ ಬೆಳೆದವನು. ಅವನು ತಂಗಿ ಡೊರೊಥಿಯೊಡನೆ 1799ರ ಡಿಸೆಂಬರಿನಲ್ಲಿ ಗ್ರಾಸ್ಮಿಯರ್‌ನ ಡವ್ ಕಾಟೇಜ್‌ಗೆ ಬಂದು 1808ರವರೆಗೆ ಅಲ್ಲಿ ನೆಲೆಸಿದನು. 1802ರ ಏಪ್ರಿಲಿನಲ್ಲಿ ಅಣ್ಣತಂಗಿಯರು ಅಲ್ಸ್‌ವಾಟರ್ ದಡದಲ್ಲಿ ಗಾಳಿಗೆ ತೂಗಾಡುವ ಡ್ಯಾಫೊಡಿಲ್ ಹೂಗಳನ್ನು ಕಂಡರು. ಡೊರೊಥಿ ಅದನ್ನು ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟಳು. ಅಣ್ಣನ ಪ್ರಸಿದ್ಧ ಕವಿತೆ ಎರಡು ವರ್ಷಗಳ ಅನಂತರ ರಚನೆಯಾಗಿ 1807ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಪಠ್ಯಪುಸ್ತಕಗಳ ಮೂಲಕ ಭಾರತದ ಹಲವು ತಲೆಮಾರುಗಳು ಆ ಹೂವನ್ನು ಕಣ್ಣಾರೆ ಕಾಣದೆಯೇ ಬಾಯಿಪಾಠ ಮಾಡಿವೆ. ಕನ್ನಡದ ನವೋದಯ ಕವಿಗಳಿಗೂ, ವಿಶೇಷವಾಗಿ ಕುವೆಂಪು ಅವರಿಗೆ, ವರ್ಡ್ಸ್‌ವರ್ತ್ ಪ್ರಿಯನಾಗಿದ್ದನು.

ವರ್ಡ್ಸ್‌ವರ್ತ್ ಬರೆದ ಪ್ರವಾಸ ಮಾರ್ಗದರ್ಶಿ ಮೊದಲು 1810ರಲ್ಲಿ ಹೆಸರಿಲ್ಲದೆ ಪ್ರಕಟವಾಗಿ, 1835ರ ಹೊತ್ತಿಗೆ ಐದನೆಯ ಆವೃತ್ತಿ ಕಂಡಿತು. ನೋಡುವ ಕಣ್ಣು ಮತ್ತು ಸವಿಯುವ ಮನಸ್ಸು ಇರುವ ಪ್ರತಿಯೊಬ್ಬರಿಗೂ ಹಕ್ಕಿರುವ ಒಂದು ಬಗೆಯ ರಾಷ್ಟ್ರೀಯ ಆಸ್ತಿ ಈ ಪ್ರದೇಶ ಎಂಬ ವಿಚಾರವನ್ನು ಅವನು ಅದರಲ್ಲಿ ಮುಂದಿಟ್ಟನು. ರಾಷ್ಟ್ರೀಯ ಉದ್ಯಾನದ ಕಲ್ಪನೆಯ ಬೀಜವನ್ನು ಇಲ್ಲಿ ಗುರುತಿಸುವವರಿದ್ದಾರೆ. ಆದರೆ ಇದೇ ಕವಿ 1844ರಲ್ಲಿ ಕೆಂಡಲ್‌ನಿಂದ ವಿಂಡರ್ಮಿಯರ್‌ಗೆ ರೈಲುಮಾರ್ಗ ಹಾಕುವುದನ್ನು ಉಗ್ರವಾಗಿ ವಿರೋಧಿಸಿದನು. ಗಿರಣಿ ಕಾರ್ಮಿಕರನ್ನು ರೈಲಿನಲ್ಲಿ ತುಂಬಿ ತಂದರೆ ಅವರಿಗೂ ಲಾಭವಿಲ್ಲ, ನಾಡಿಗೂ ಶಾಂತಿಯಿಲ್ಲ ಎಂಬುದು ಅವನ ವಾದ. ಎಲ್ಲರ ಆಸ್ತಿ ಎಂದವನ ಮನಸ್ಸಿನಲ್ಲಿ ‘ಎಲ್ಲರು’ ಯಾರಾಗಿದ್ದರೆಂಬ ಪ್ರಶ್ನೆಯನ್ನು ವಿಮರ್ಶಕರು ಆಗಲೂ ಎತ್ತಿದ್ದರು, ಈಗಲೂ ಎತ್ತುತ್ತಾರೆ. ರೈಲು 1847ರಲ್ಲಿ ಬಂದೇ ಬಂತು. ನಿಲ್ದಾಣದ ಸುತ್ತ ಬೆಳೆದ ಊರು ಸರೋವರದ ಹೆಸರನ್ನೇ ಪಡೆಯಿತು.

ಥರ್ಲ್‌ಮಿಯರ್, ಮಾರ್ಡೇಲ್ ಮತ್ತು ಸಂರಕ್ಷಣಾ ಚಳವಳಿ

ಹತ್ತೊಂಬತ್ತನೆಯ ಶತಮಾನದಲ್ಲಿ ವೇಗವಾಗಿ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್ ನಗರಕ್ಕೆ ಶುದ್ಧ ನೀರಿನ ತೀವ್ರ ಅಭಾವವಿತ್ತು. ನಗರಸಭೆಯು ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ ನೀರನ್ನು ಒಯ್ಯಲು ಮುಂದಾದಾಗ ಜಾನ್ ರಸ್ಕಿನ್ ಮೊದಲಾದವರು ವಿರೋಧಿಸಿದರು. 1879ರಲ್ಲಿ ಸಂಸತ್ತು ಯೋಜನೆಗೆ ಒಪ್ಪಿಗೆ ನೀಡಿತು. ನೀರಿನ ಮಟ್ಟವನ್ನು ಸುಮಾರು 50 ಅಡಿ ಏರಿಸಲಾಯಿತು. ದಡದ ಮನೆಗಳು, ಹೊಲಗಳು ಮುಳುಗಿದವು. 1894ರಿಂದ ಸುಮಾರು 154 ಕಿಲೋಮೀಟರ್ ದೂರದ ಮ್ಯಾಂಚೆಸ್ಟರಿಗೆ ಯಾವುದೇ ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿಯತೊಡಗಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತವೆನ್ನಬಹುದಾದ ಈ ಕಾಮಗಾರಿಯಿಂದ ನಗರದ ಲಕ್ಷಾಂತರ ಬಡವರ ಮನೆಗೆ ಕುಡಿಯುವ ನೀರು ಬಂದಿತೆಂಬುದನ್ನು ವಿರೋಧಿಗಳ ಬರಹಗಳನ್ನು ಓದುವಾಗ ಮರೆಯಲಾಗದು.

ಸೋತ ಹೋರಾಟ ಹೊಸ ಸಂಘಟನೆಗಳಿಗೆ ಜನ್ಮವಿತ್ತಿತು. ಕೆಸಿಕ್ ಸಮೀಪದ ಪಾದ್ರಿ ಹಾರ್ಡ್‌ವಿಕ್ ರಾನ್ಸ್ಲಿ 1883ರಲ್ಲಿ ಲೇಕ್ ಡಿಸ್ಟ್ರಿಕ್ಟ್ ರಕ್ಷಣಾ ಸಂಘವನ್ನು ಕಟ್ಟಿದನು. ಬಟರ್ಮಿಯರ್ ಕಣಿವೆಗೆ ಸ್ಲೇಟು ಸಾಗಿಸಲು ರೈಲುಮಾರ್ಗ ಹಾಕುವ ಪ್ರಸ್ತಾಪ ಆ ವರ್ಷ ಬಿದ್ದುಹೋಯಿತು. ಕೆಸಿಕ್ ಬಳಿಯ ಲ್ಯಾಟ್ರಿಗ್ ಬೆಟ್ಟದ ಹಳೆಯ ಕಾಲುದಾರಿಯನ್ನು ಭೂಮಾಲೀಕರು ಮುಚ್ಚಿದಾಗ, 1887ರ ಅಕ್ಟೋಬರಿನಲ್ಲಿ ಸುಮಾರು 2,000 ಜನ ಅಡ್ಡಗಟ್ಟೆಗಳನ್ನು ದಾಟಿ ಸಾಮೂಹಿಕವಾಗಿ ಬೆಟ್ಟ ಹತ್ತಿದರು. ಮುಂದೆ ರಾನ್ಸ್ಲಿ, ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. 1902ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಡರ್ವೆಂಟ್‌ವಾಟರ್ ದಡದ ಬ್ರಾಂಡೆಲ್‌ಹೌ ಎಂಬ 108 ಎಕರೆ ಕಾಡನ್ನು ಟ್ರಸ್ಟು ಕೊಂಡಿತು. ಇಂದು ಉದ್ಯಾನದ ಸುಮಾರು ಐದನೆಯ ಒಂದು ಭಾಗ ಟ್ರಸ್ಟಿನದಾಗಿದೆ.

ಮ್ಯಾಂಚೆಸ್ಟರಿನ ನೀರಿನ ಬೇಡಿಕೆ ಅಲ್ಲಿಗೆ ನಿಲ್ಲಲಿಲ್ಲ. 1919ರ ಕಾಯ್ದೆಯ ಮೇರೆಗೆ ಪೂರ್ವದ ಹಾಸ್‌ವಾಟರ್ ಸರೋವರಕ್ಕೂ ಅಣೆಕಟ್ಟು ಬಂದಿತು. ಕಣಿವೆಯ ತಲೆಯಲ್ಲಿದ್ದ ಮಾರ್ಡೇಲ್ ಗ್ರೀನ್ ಎಂಬ ಹಳ್ಳಿ ಅದರಲ್ಲಿ ಮುಳುಗಿತು. ಚರ್ಚಿನ ಅಂಗಳದಲ್ಲಿ ಹೂಳಿದ್ದ 97 ದೇಹಗಳನ್ನು ಹೊರತೆಗೆದು ಶ್ಯಾಪ್ ಎಂಬ ಊರಿನಲ್ಲಿ ಮತ್ತೆ ಮಣ್ಣು ಮಾಡಲಾಯಿತು. 1935ರ ಆಗಸ್ಟ್ 18ರಂದು ಅಲ್ಲಿನ ಪುಟ್ಟ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಒಳಗೆ ಜಾಗ ಸಾಲದೆ ಬಂದವರಲ್ಲಿ ಬಹುಪಾಲು ಜನ ಹೊರಗೆ ನಿಂತು ಕೇಳಿದರು. ಬರಗಾಲದ ವರ್ಷಗಳಲ್ಲಿ, ಉದಾಹರಣೆಗೆ 1976, 1984 ಮತ್ತು 1995ರಲ್ಲಿ, ನೀರು ಇಳಿದಾಗ ಹಳ್ಳಿಯ ಗೋಡೆಗಳೂ ಸಣ್ಣ ಕಲ್ಲುಸೇತುವೆಯೂ ಮೇಲೆ ಕಾಣಿಸಿಕೊಂಡವು. ಆಗೆಲ್ಲ ನೋಡಲು ಜನ ಕಿಕ್ಕಿರಿದು ಬರುತ್ತಾರೆ. ಅಣೆಕಟ್ಟುಗಳಲ್ಲಿ ಊರು ಕಳೆದುಕೊಂಡವರನ್ನು ಬಲ್ಲ ಮಲೆನಾಡಿನ ಓದುಗರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆಟ್ಟದ ನಡಿಗೆ ಮತ್ತು ಬಂಡೆ ಹತ್ತುವಿಕೆ

ಬಿಡುವಿನ ಚಟುವಟಿಕೆಗಳಲ್ಲಿ ಮೊದಲ ಸ್ಥಾನ ನಡಿಗೆಗೆ ಸಲ್ಲುತ್ತದೆ. ಆಲ್‌ಫ್ರೆಡ್ ವೇನ್‌ರೈಟ್ 1930ರಲ್ಲಿ ಬ್ಲ್ಯಾಕ್‌ಬರ್ನ್ ಪಟ್ಟಣದಿಂದ ರಜೆಗೆ ಬಂದು, ವಿಂಡರ್ಮಿಯರ್ ಮೇಲಿನ ಆರೆಸ್ಟ್ ಹೆಡ್ ಎಂಬ 239 ಮೀಟರಿನ ಗುಡ್ಡದಿಂದ ಮೊದಲ ಬಾರಿಗೆ ಈ ನಾಡನ್ನು ಕಂಡನು. ಮುಂದೆ ಕೆಂಡಲ್ ಪುರಸಭೆಯ ಖಜಾಂಚಿಯಾಗಿ ಇಲ್ಲಿಯೇ ನೆಲೆಸಿ, ಬಿಡುವಿನ ದಿನಗಳಲ್ಲಿ ಬಸ್ಸು ಹಿಡಿದು ಬೆಟ್ಟಗಳನ್ನೆಲ್ಲ ಹತ್ತಿದನು. 1955ರಿಂದ 1966ರವರೆಗೆ ಪ್ರಕಟವಾದ ಅವನ ಏಳು ಸಂಪುಟಗಳ ಸಚಿತ್ರ ಮಾರ್ಗದರ್ಶಿಯಲ್ಲಿ ಚಿತ್ರಗಳೂ ನಕಾಶೆಗಳೂ ಅಕ್ಷರಗಳೂ ಅವನ ಕೈಬರಹದವೇ. ಅದರಲ್ಲಿ ವರ್ಣಿತವಾದ 214 ಬೆಟ್ಟಗಳು ಈಗ ‘ವೇನ್‌ರೈಟ್‌’ಗಳೆಂದೇ ಹೆಸರಾಗಿವೆ, ಅವುಗಳೆಲ್ಲವನ್ನೂ ಹತ್ತಿ ಮುಗಿಸುವುದು ಅನೇಕರಿಗೆ ಜೀವಮಾನದ ಹಂಬಲ. ಮಕ್ಕಳೊಂದಿಗೆ ಬಂದವರು ಸಾಮಾನ್ಯವಾಗಿ ಡರ್ವೆಂಟ್‌ವಾಟರ್ ಪಕ್ಕದ ಕ್ಯಾಟ್‌ಬೆಲ್ಸ್ (451 ಮೀಟರ್) ಹತ್ತುತ್ತಾರೆ. ಹೆಲ್ವೆಲಿನ್ ಶಿಖರಕ್ಕೆ (950 ಮೀಟರ್) ಹೋಗುವ ಸ್ಟ್ರೈಡಿಂಗ್ ಎಜ್ ಎಂಬ ಕತ್ತಿಯಂಚಿನಂತಹ ಏಣು ಅನುಭವಿಗಳಿಗೂ ಎಚ್ಚರಿಕೆಯ ದಾರಿ. ಚಳಿಗಾಲದಲ್ಲಿ ಉದ್ಯಾನದ ಸಿಬ್ಬಂದಿಯೊಬ್ಬರು ಪ್ರತಿದಿನ ಹೆಲ್ವೆಲಿನ್ ಹತ್ತಿ ಹಿಮ, ಗಾಳಿ ಮತ್ತು ಚಳಿಯ ವರದಿಯನ್ನು ಪ್ರಕಟಿಸುತ್ತಾರೆ. ಅಪಘಾತವಾದಾಗ ನೆರವಿಗೆ ಬರುವ ಬೆಟ್ಟ ರಕ್ಷಣಾ ತಂಡಗಳ ಸದಸ್ಯರು ಸಂಬಳವಿಲ್ಲದ ಸ್ವಯಂಸೇವಕರು, ರಕ್ಷಣೆಗೆ ಶುಲ್ಕವಿಲ್ಲ.

ಬಂಡೆ ಹತ್ತುವಿಕೆಯು ಬ್ರಿಟನ್ನಿನಲ್ಲಿ ಸ್ವತಂತ್ರ ಕ್ರೀಡೆಯಾಗಿ ಬೆಳೆದುದಕ್ಕೆ 1886ರಲ್ಲಿ ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್ ಗ್ರೇಟ್ ಗೇಬಲ್ ಬೆಟ್ಟದ ನೇಪ್ಸ್ ನೀಡಲ್ ಎಂಬ ಸೂಜಿಬಂಡೆಯನ್ನು ಒಬ್ಬನೇ, ಹಗ್ಗವಿಲ್ಲದೆ ಏರಿದ್ದನ್ನು ಆರಂಭಬಿಂದುವೆಂದು ಹೇಳುವುದು ವಾಡಿಕೆ. ಅದಕ್ಕೂ ಮುನ್ನ 1802ರಲ್ಲಿ ಕವಿ ಕೋಲ್‌ರಿಜ್ ಸ್ಕಾಫೆಲ್‌ನ ಬ್ರಾಡ್ ಸ್ಟ್ಯಾಂಡ್ ಎಂಬ ಕಡಿದಾದ ಜಾಗದಲ್ಲಿ ದಾರಿ ಗೊತ್ತಿಲ್ಲದೆ ಮೇಲಿನಿಂದ ಇಳಿದು ಪ್ರಾಣಾಪಾಯದಿಂದ ಪಾರಾಗಿದ್ದನು. ಮೊದಲ ಮಹಾಯುದ್ಧದಲ್ಲಿ ಮಡಿದ ತನ್ನ ಸದಸ್ಯರ ನೆನಪಿಗಾಗಿ ಇಲ್ಲಿನ ಪರ್ವತಾರೋಹಿಗಳ ಸಂಘವು ಗ್ರೇಟ್ ಗೇಬಲ್ ಸುತ್ತಲಿನ ಶಿಖರಗಳನ್ನು ಕೊಂಡು 1923ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿತು. ಪ್ರತಿ ನವೆಂಬರಿನ ಸ್ಮರಣೆಯ ಭಾನುವಾರದಂದು ನೂರಾರು ಜನ, ಮಳೆಯಿರಲಿ ಹಿಮವಿರಲಿ, 899 ಮೀಟರಿನ ಆ ಶಿಖರ ಏರಿ ಸ್ಮಾರಕಫಲಕದ ಮುಂದೆ ಮೌನವಾಗಿ ನಿಲ್ಲುತ್ತಾರೆ.

ಬೆಟ್ಟದೋಟ ಈ ನಾಡಿನ ಸ್ವಂತ ಕ್ರೀಡೆ. ಕೆಸಿಕ್‌ನ ವಸತಿಗೃಹದ ಮಾಲೀಕ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಗಳೊಳಗೆ 42 ಶಿಖರಗಳನ್ನು ಸುತ್ತಿಬಂದನು. ಆ ಸುತ್ತು ಇಂದು ದೂರದ ಓಟಗಾರರ ಪರೀಕ್ಷೆಯಾಗಿದೆ. ವಾಸ್‌ಡೇಲ್ ಕಣಿವೆಯ ಕುರಿಗಾಹಿ ಜಾಸ್ ನೇಲರ್ (1936–2024) ಈ ಕ್ರೀಡೆಯ ಅತ್ಯಂತ ಗೌರವಾನ್ವಿತ ಹೆಸರು.

ಲಕ್ಷಾಂತರ ಬೂಟುಗಳ ತುಳಿತಕ್ಕೆ ದಾರಿಗಳು ಸವೆದು, ಮಳೆನೀರು ಅಲ್ಲಿಯೇ ಹರಿದು ಬೆಟ್ಟದ ಮೈಮೇಲೆ ಗಾಯದಂತಹ ಕೊರಕಲುಗಳಾಗುತ್ತವೆ. 2000ರ ದಶಕದ ಆರಂಭದಿಂದ ‘ಫಿಕ್ಸ್ ದ ಫೆಲ್ಸ್’ ಎಂಬ ಯೋಜನೆಯಡಿ ಕೆಲಸಗಾರರು ಮತ್ತು ಸ್ವಯಂಸೇವಕರು ಕಲ್ಲುಹಾಸು ಹಾಕಿ ದಾರಿಗಳನ್ನು ದುರಸ್ತಿ ಮಾಡುತ್ತಿದ್ದಾರೆ.

ಸರೋವರಗಳ ಮೇಲೆ

ಅಲ್ಸ್‌ವಾಟರ್‌ನಲ್ಲಿ ‘ಲೇಡಿ ಆಫ್ ದ ಲೇಕ್’ (1877) ಮತ್ತು ‘ರೇವನ್’ (1889) ಎಂಬ ಹಳೆಯ ಹಡಗುಗಳು ಇಂದಿಗೂ ಜನರನ್ನು ಕರೆದೊಯ್ಯುತ್ತಿವೆ. ಮೊದಲು ಉಗಿಯಿಂದ ಚಲಿಸುತ್ತಿದ್ದ ಇವು ಈಗ ಡೀಸೆಲ್‌ನಿಂದ ಸಾಗುತ್ತವೆ. ಕಾನಿಸ್ಟನ್ ಸರೋವರದಲ್ಲಿ 1859ರ ‘ಗೊಂಡೊಲಾ’ ಉಗಿನೌಕೆಯನ್ನು ಪುನರ್ನಿರ್ಮಿಸಿ 1980ರಿಂದ ಓಡಿಸಲಾಗುತ್ತಿದೆ. ಆರ್ಥರ್ ರ‍್ಯಾನ್ಸಮ್ 1930ರಲ್ಲಿ ಬರೆದ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿ ಓದಿ ಹಾಯಿದೋಣಿ ನಡೆಸಲು ಇಲ್ಲಿಗೆ ಬರುವ ಕುಟುಂಬಗಳು ಹಲವು.

ಇದೇ ನೀರಿನ ಮೇಲೆ ವೇಗದ ದಾಖಲೆಗಳ ಯತ್ನಗಳೂ ನಡೆದಿವೆ. ಹೆನ್ರಿ ಸೀಗ್ರೇವ್ 1930ರಲ್ಲಿ ವಿಂಡರ್ಮಿಯರ್‌ನಲ್ಲಿಯೂ ಡೊನಾಲ್ಡ್ ಕ್ಯಾಂಪ್‌ಬೆಲ್ 1967ರ ಜನವರಿ 4ರಂದು ಕಾನಿಸ್ಟನ್‌ನಲ್ಲಿಯೂ ಪ್ರಾಣ ಕಳೆದುಕೊಂಡರು. ಕ್ಯಾಂಪ್‌ಬೆಲ್‌ನ ‘ಬ್ಲೂಬರ್ಡ್’ ದೋಣಿಯನ್ನು 2001ರಲ್ಲಿ ಸರೋವರದ ತಳದಿಂದ ಮೇಲೆತ್ತಲಾಯಿತು. 2024ರಿಂದ ಅದು ಕಾನಿಸ್ಟನ್‌ನ ರಸ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ.

ವಿಂಡರ್ಮಿಯರ್‌ನಲ್ಲಿ ಯಂತ್ರದೋಣಿಗಳ ಮತ್ತು ನೀರಿನ ಸ್ಕೀಯಿಂಗಿನ ಸದ್ದು ದೀರ್ಘಕಾಲದ ವಿವಾದವಾಗಿತ್ತು. 2005ರಲ್ಲಿ 10 ನಾಟ್, ಅಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರ್ ವೇಗಮಿತಿ ಜಾರಿಗೆ ಬಂದಿತು. ಸ್ಕೀಯಿಂಗ್ ನಡೆಸುತ್ತಿದ್ದವರ ವ್ಯಾಪಾರಕ್ಕೆ ಪೆಟ್ಟು ಬಿದ್ದರೆ, ಹಾಯಿದೋಣಿ, ಕಯಾಕ್ ಮತ್ತು ಈಜಿನವರಿಗೆ ಸರೋವರ ಮರಳಿ ದೊರೆಯಿತು. ಈಗಿನ ಕಳವಳ ಬೇರೆ: ಬೇಸಿಗೆಯಲ್ಲಿ ನೀಲಿಹಸಿರು ಪಾಚಿ ಹಬ್ಬಿ ಈಜುವುದು ಅಪಾಯಕರವಾಗುತ್ತದೆ. ಸರೋವರಕ್ಕೆ ಸೇರುವ ಕೊಳಚೆನೀರಿನ ವಿರುದ್ಧ ಸ್ಥಳೀಯರು ಹಲವು ವರ್ಷಗಳಿಂದ ಪ್ರತಿಭಟಿಸುತ್ತಿದ್ದಾರೆ.

ಪಾರಂಪರಿಕ ತಾಣಗಳು

ಕೆಸಿಕ್ ಸಮೀಪದ ಕ್ಯಾಸಲ್‌ರಿಗ್ ಶಿಲಾವರ್ತುಲ ಸುಮಾರು 5,000 ವರ್ಷ ಹಳೆಯದು. ಸುತ್ತಲೂ ಬೆಟ್ಟಗಳ ಬಳಸು ಇರುವ ತೆರೆದ ದಿಣ್ಣೆಯ ಮೇಲೆ ಸುಮಾರು 40 ಕಲ್ಲುಗಳು ನಿಂತಿವೆ. ಹಾರ್ಡ್‌ನಾಟ್ ಕಣಿವೆದಾರಿಯ ರೋಮನ್ ಕೋಟೆಯನ್ನು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಲಾಯಿತು; ಆಡ್ರಿಯಾಟಿಕ್ ತೀರದ ಡಾಲ್ಮೇಷಿಯದಿಂದ ಬಂದ ಸೈನಿಕರು ಮಂಜು ಮುಸುಕಿದ ಈ ದಿಬ್ಬದ ಮೇಲೆ ಕಾವಲಿದ್ದರು. ಅಲ್ಲಿಗೆ ಹೋಗುವ ಇಕ್ಕಟ್ಟಾದ ರಸ್ತೆ ಇಂಗ್ಲೆಂಡಿನ ಅತಿ ಕಡಿದಾದ ರಸ್ತೆಗಳಲ್ಲೊಂದು.

ಕಾನಿಸ್ಟನ್ ದಡದ ಬ್ರಾಂಟ್‌ವುಡ್ ಜಾನ್ ರಸ್ಕಿನ್‌ನ ಮನೆ. 1872ರಿಂದ 1900ರಲ್ಲಿ ಸಾಯುವವರೆಗೆ ಅವನು ಅಲ್ಲಿದ್ದನು. ಅವನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಕೃತಿಯನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲುಪ್ರಯಾಣದಲ್ಲಿ ಓದಿ ಪ್ರಭಾವಿತರಾದ ಗಾಂಧೀಜಿ ಮುಂದೆ ಅದನ್ನು ಗುಜರಾತಿಯಲ್ಲಿ ‘ಸರ್ವೋದಯ’ ಎಂಬ ಹೆಸರಿನಿಂದ ಸಂಗ್ರಹಿಸಿದರು.

ಹಾಕ್ಸ್‌ಹೆಡ್ ಬಳಿಯ ಹಿಲ್ ಟಾಪ್ ಹೊಲಮನೆಯನ್ನು ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಕೊಂಡಳು. ಮೊಲದ ಕಥೆಗಳಿಂದ ಬಂದ ಹಣವನ್ನು ಅವಳು ಹೊಲಮನೆಗಳನ್ನು ಕೊಳ್ಳಲು ತೊಡಗಿಸಿದಳು. ಹರ್ಡ್‌ವಿಕ್ ಕುರಿಗಳನ್ನು ಸಾಕಿ ಪ್ರದರ್ಶನಗಳಲ್ಲಿ ಬಹುಮಾನ ಗೆದ್ದಳು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟಳು. ಬೆಟ್ಟದ ಹೊಲಮನೆಗಳಲ್ಲಿ ಹರ್ಡ್‌ವಿಕ್ ಮಂದೆಗಳನ್ನೇ ಮುಂದುವರಿಸಬೇಕೆಂಬುದು ಅವಳ ಇಚ್ಛೆಯಾಗಿತ್ತು. ಮಕ್ಕಳು ಹಿಲ್ ಟಾಪ್‌ನಲ್ಲಿ ಚಿತ್ರಪುಸ್ತಕದ ಕೋಣೆಗಳನ್ನು ಗುರುತು ಹಿಡಿಯುತ್ತಾರೆ. ಅವಳ ನಿಜವಾದ ಸ್ಮಾರಕ ಹೊರಗಿನ ಹುಲ್ಲುಗಾವಲುಗಳಲ್ಲಿದೆ ಎನ್ನಬಹುದು.

ವಿಶ್ವ ಪರಂಪರೆಯ ಮಾನ್ಯತೆ ಮತ್ತು ವಿವಾದಗಳು

1980ರ ದಶಕದಲ್ಲಿ ಬ್ರಿಟನ್ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಎರಡು ಬಾರಿ ಸೂಚಿಸಿದರೂ ಮಾನ್ಯತೆ ದೊರೆಯಲಿಲ್ಲ. ಇದು ಕೇವಲ ಪ್ರಾಕೃತಿಕ ತಾಣವಲ್ಲ, ಕೇವಲ ಮಾನವನಿರ್ಮಿತವೂ ಅಲ್ಲ. ಅಂದಿನ ನಿಯಮಗಳಲ್ಲಿ ಎರಡರ ನಡುವಿನದಕ್ಕೆ ಸ್ಥಾನವಿರಲಿಲ್ಲ. ಈ ಚರ್ಚೆ 1992ರಲ್ಲಿ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಹೊಸ ವರ್ಗ ರೂಪುಗೊಳ್ಳಲು ಒಂದು ಕಾರಣವಾಯಿತು. ಆ ವರ್ಗದಲ್ಲಿಯೇ 2017ರ ಜುಲೈಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಪಟ್ಟಿಗೆ ಸೇರಿತು.

ಕುರಿಸಾಕಣೆಯನ್ನು ಪರಂಪರೆಯೆಂದು ಗೌರವಿಸುವ ಈ ಮಾನ್ಯತೆಯನ್ನು ಪರಿಸರ ಲೇಖಕ ಜಾರ್ಜ್ ಮಾನ್‌ಬಿಯೊ ಮೊದಲಾದವರು ಟೀಕಿಸಿದ್ದಾರೆ. ಕುರಿಗಳು ಸಸಿಗಳನ್ನು ಮೇಯುವುದರಿಂದಲೇ ಬೆಟ್ಟಗಳು ಬೋಳಾಗಿವೆ, ಮರವಿಲ್ಲದ ಇಳಿಜಾರಿನಿಂದ ನೀರು ರಭಸವಾಗಿ ಇಳಿದು ಕೆಳಗಿನ ಊರುಗಳಲ್ಲಿ ಪ್ರವಾಹ ಹೆಚ್ಚುತ್ತದೆ ಎಂಬುದು ಅವರ ವಾದ. ಮ್ಯಾಟರ್‌ಡೇಲ್‌ನ ಕುರಿಗಾಹಿ ಮತ್ತು ಲೇಖಕ ಜೇಮ್ಸ್ ರೀಬ್ಯಾಂಕ್ಸ್ ತನ್ನ ಕೃತಿಗಳಲ್ಲಿ ರೈತನ ಕಡೆಯ ಚಿತ್ರವನ್ನು ಕೊಟ್ಟಿದ್ದಾನೆ. ಕುರಿಯನ್ನು ಬಿಡದೆಯೇ ತೊರೆಗಳನ್ನು ಮರಳಿ ಅಂಕುಡೊಂಕಾಗಿ ಹರಿಯಬಿಡುವ, ಮರ ನೆಡುವ ದಾರಿಗಳನ್ನೂ ತೋರಿಸಿದ್ದಾನೆ. ಹಾಸ್‌ವಾಟರ್ ಪಕ್ಕದ ಸ್ವಿಂಡೇಲ್ ಕಣಿವೆಯಲ್ಲಿ ಹಿಂದೆ ನೇರಗೊಳಿಸಿದ್ದ ತೊರೆಯನ್ನು 2016ರಲ್ಲಿ ಹಳೆಯ ತಿರುವುಗಳಿಗೆ ಮರಳಿಸಲಾಯಿತು. ಕೆಲವೇ ತಿಂಗಳುಗಳಲ್ಲಿ ಸಾಲ್ಮನ್ ಮೀನುಗಳು ಅಲ್ಲಿ ಮೊಟ್ಟೆಯಿಡತೊಡಗಿದವು. ಬ್ಯಾಸೆಂಥ್ವೇಟ್‌ನಲ್ಲಿ ಮೀನುಹದ್ದುಗಳು ಒಂದೂವರೆ ಶತಮಾನದ ಬಳಿಕ 2001ರಲ್ಲಿ ಮತ್ತೆ ಗೂಡುಕಟ್ಟಿದವು. ಆದರೆ ಇಂಗ್ಲೆಂಡಿನ ಕೊನೆಯ ಹೊನ್ನಹದ್ದು ಹಾಸ್‌ವಾಟರ್ ಬಳಿ 2015ರ ಅನಂತರ ಕಾಣಿಸಿಲ್ಲ.

ಸಾಹಸ ಕ್ರೀಡೆಗಳ ವ್ಯಾಪ್ತಿಯೂ ಚರ್ಚೆಯಲ್ಲಿದೆ. ಥರ್ಲ್‌ಮಿಯರ್ ಸರೋವರದ ಮೇಲೆ ತಂತಿಜಾರುವಿಕೆಯ ಸೌಲಭ್ಯ ನಿರ್ಮಿಸುವ 2017ರ ಪ್ರಸ್ತಾಪ ತೀವ್ರ ವಿರೋಧ ಎದುರಿಸಿ ಮರುವರ್ಷ ಹಿಂದಕ್ಕೆ ಹೋಯಿತು. ಇದಕ್ಕಿಂತ ಮೌನವಾದ ಸಮಸ್ಯೆ ವಸತಿಯದು. ಹಳ್ಳಿಗಳ ಅನೇಕ ಮನೆಗಳನ್ನು ಹೊರಗಿನವರು ರಜೆಯ ಮನೆಗಳಾಗಿ ಕೊಂಡಿರುವುದರಿಂದ ಬೆಲೆ ಏರಿ, ಅಲ್ಲಿಯೇ ಹುಟ್ಟಿದ ಯುವಕರಿಗೂ ವಸತಿಗೃಹಗಳಲ್ಲಿ ದುಡಿಯುವವರಿಗೂ ಮನೆ ಸಿಗುವುದು ದುಸ್ತರವಾಗಿದೆ. ಚಳಿಗಾಲದ ಸಂಜೆಗಳಲ್ಲಿ ಕೆಲವು ಊರುಗಳ ಅರ್ಧದಷ್ಟು ಕಿಟಕಿಗಳಲ್ಲಿ ದೀಪವೇ ಇರುವುದಿಲ್ಲ.

ಸಂಪರ್ಕ ಮತ್ತು ಆತಿಥ್ಯ

ಲಂಡನ್–ಗ್ಲಾಸ್ಗೊ ರೈಲುಮಾರ್ಗದ ಆಕ್ಸನ್‌ಹೋಮ್‌ನಲ್ಲಿ ಇಳಿದು ಕವಲು ರೈಲಿನಲ್ಲಿ ವಿಂಡರ್ಮಿಯರ್ ತಲುಪಬಹುದು. ಕೆಸಿಕ್‌ಗೆ ಪೆನ್ರಿತ್‌ನಿಂದ ಬಸ್ಸುಗಳಿವೆ. ಬಹುಪಾಲು ಜನ ಕಾರಿನಲ್ಲಿ ಬರುವುದರಿಂದ ಬೇಸಿಗೆಯ ವಾರಾಂತ್ಯಗಳಲ್ಲಿ ಕಣಿವೆಯ ಕಿರಿದಾದ ರಸ್ತೆಗಳು ಕಟ್ಟಿಕೊಳ್ಳುತ್ತವೆ. ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳು ನಡಿಗೆಗೆ ಅನುಕೂಲಕರ. ಯಾವ ತಿಂಗಳಲ್ಲಿಯೂ ಮಳೆಯಂಗಿ ಇಲ್ಲದೆ ಬೆಟ್ಟ ಹತ್ತುವುದು ಉಚಿತವಲ್ಲ. ಸ್ಥಳೀಯ ತಿನಿಸುಗಳಲ್ಲಿ ಗ್ರಾಸ್ಮಿಯರ್‌ನಲ್ಲಿ 1854ರಿಂದ ಮಾಡುತ್ತಿರುವ ಶುಂಠಿಯ ಜಿಂಜರ್‌ಬ್ರೆಡ್, ಹರ್ಡ್‌ವಿಕ್ ಮಾಂಸ ಮತ್ತು ಸುರುಳಿ ಸುತ್ತಿದ ಕಂಬರ್ಲೆಂಡ್ ಸಾಸೇಜ್ ಪ್ರಸಿದ್ಧ. ಪುದೀನದ ಪರಿಮಳದ ಸಕ್ಕರೆಯ ಬಿಲ್ಲೆಯಾದ ಕೆಂಡಲ್ ಮಿಂಟ್ ಕೇಕ್ 1953ರ ಎವರೆಸ್ಟ್ ಯಾತ್ರೆಯ ಬುತ್ತಿಯಲ್ಲಿಯೂ ಇತ್ತು; ಚಾರಣಿಗರ ಚೀಲಗಳಲ್ಲಿ ಅದು ಇಂದಿಗೂ ಇರುತ್ತದೆ.